ದಾನಿಯ ಹೆಸರಿಲ್ಲದ ಸಾಮಾನು

ರಾಯಚೂರಿನ ತೀನ್ ಕಂದೀಲ್ ಹತ್ತಿರ ಖಾಜಾ ಹುಸೇನನ ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಭಾನುವಾರ ಅದರ ಶಟರು ಅರ್ಧ ಇಳಿದಿರುತ್ತದೆ. ಬಗ್ಗಿ ಒಳಗೆ ಹೋದರೆ ಒಂದಿಷ್ಟು ಜನ ಸ್ಟೂಲು, ಪೆಟ್ಟಿಗೆ, ಸತ್ತ ಯುಪಿಎಸ್ಸು, ಸಿಕ್ಕಿದ್ದರ ಮೇಲೆ ಕೂತು ಮುಕ್ತ ತಂತ್ರಾಂಶದ ಮಾತಾಡುತ್ತಿರುತ್ತಾರೆ. ಹೈಸ್ಕೂಲು ಮಾಸ್ತರರು, ಪಾಲಿಟೆಕ್ನಿಕ್ಕಿನ ಮೇಡಂ, ಮೆಡಿಕಲ್ ಶಾಪಿನವರು. ಇವರಿಗೆ ಸಂಬಳ ಇಲ್ಲ, ಚಹಾ ಇದೆ. ನಿವೃತ್ತನಾದ ಮೇಲೆ ನಾನೂ ಹೋಗಿ ಕೂರುತ್ತೇನೆ. ವಯಸ್ಸಿಗೆ ಮರ್ಯಾದೆ ಕೊಟ್ಟು ಸ್ಟೂಲು ನನಗೇ ಬಿಡುತ್ತಾರೆ.

ಮೊನ್ನೆ ಬಳಗಕ್ಕೆ ಹೊಸದಾಗಿ ಸೇರಿದ ಒಬ್ಬಾಕೆ ಕೇಳಿದಳು, "ಮಾಳಪ್ಪ ಸರ್, ನೀವು ಸರ್ಕಾರಿ ಕಚೇರಿ ಒಳಗ ಇದ್ದವ್ರು. ಅಲ್ಲಿಗೆ ಇದನ್ನ ಹ್ಯಾಂಗ ಮುಟ್ಟಸ್ಬೇಕು ಅಂತ ಬರ್ದು ಕೊಡ್ರಿ." ಸರಿ, ಬರೆಯುತ್ತಿದ್ದೇನೆ. ಯಾವ ಇಲಾಖೆ ಎಂದು ಮಾತ್ರ ಹೇಳುವುದಿಲ್ಲ. ಪಿಂಚಣಿ ಇನ್ನೂ ಅಲ್ಲಿಂದಲೇ ಬರುತ್ತದೆ. ನನ್ನ ಬಡ್ತಿಗಳ ಕಥೆಯನ್ನೂ ಬಿಡುತ್ತೇನೆ. ಗುಮಾಸ್ತನಾಗಿ ಸೇರಿ ಕಚೇರಿ ವ್ಯವಸ್ಥಾಪಕನಾಗಿ ಹೊರಬಂದೆ, ಅಷ್ಟೇ. ಮುಂದಿನವರು ನಿವೃತ್ತರಾಗುತ್ತಾ ಹೋದರು, ಹಿಂದಿದ್ದ ನಾನು ಮುಂದೆ ಸರಿದೆ.

ಗೊತ್ತಿಲ್ಲದವರಿಗಾಗಿ ಒಂದು ಮಾತು. ಕಂಪ್ಯೂಟರು ಬರೀ ಡಬ್ಬಿ. ಅದನ್ನು ನಡೆಸುವುದಕ್ಕೆ ಒಳಗೊಂದು ಏರ್ಪಾಡು ಬೇಕು, ಅದೇ ತಂತ್ರಾಂಶ. ಕಂಪನಿಗಳು ಮಾರುವ ತಂತ್ರಾಂಶಕ್ಕೆ ಬೆಲೆಯೂ ಇದೆ, ಬೀಗವೂ ಇದೆ. ಮುಕ್ತ ತಂತ್ರಾಂಶವನ್ನು ಊರೂರಿನ ಜನ ಸೇರಿ ಬರೆದು ಎಲ್ಲರಿಗೂ ಬಿಟ್ಟಿದ್ದಾರೆ. ಬಳಸಬಹುದು, ತಿದ್ದಬಹುದು, ಪಕ್ಕದ ಮನೆಯವರಿಗೂ ಹಂಚಬಹುದು. "ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ" ಎನ್ನುವ ನಾಡಿನಲ್ಲಿ ಇಂಥದ್ದು ಒಂದೇ ದಿನದಲ್ಲಿ ಕಚೇರಿ ತುಂಬಬೇಕಿತ್ತು. ತುಂಬಲಿಲ್ಲ. ಸರ್ಕಾರಕ್ಕೆ ಪುಕ್ಕಟೆ ಕೊಟ್ಟು ಗೊತ್ತೇ ಹೊರತು ತಗೊಂಡು ಗೊತ್ತಿಲ್ಲ.

ಖಾಜಾನನ್ನು ನಾನು ಮೊದಲು ಕಂಡದ್ದು ದೇವದುರ್ಗದಲ್ಲಿ. ಅಲ್ಲಿನ ಸಾಹೇಬರು ಸಮಾರಂಭಪ್ರಿಯರು. ಅವರ ಟೇಬಲ್ಲಿನ ಖಾನೆಯಲ್ಲಿ ಯಾವಾಗಲೂ ಒಂದೆರಡು ಶಾಲು ಮಡಚಿ ಇಟ್ಟಿರುತ್ತಿದ್ದವು. ಖಾಜಾ ಇಬ್ಬರು ಗೆಳೆಯರ ಜತೆ ಬಸ್ಸಿಳಿದು ಬಂದು, ನಿಮ್ಮ ಕಂಪ್ಯೂಟರುಗಳಿಗೆ ಮುಕ್ತ ತಂತ್ರಾಂಶ ಹಾಕಿಕೊಡುತ್ತೇವೆ, ಕಲಿಸಿಯೂ ಕೊಡುತ್ತೇವೆ ಎಂದ. ಆಗ ನಮ್ಮಲ್ಲಿದ್ದದ್ದು ಕದ್ದ ಪ್ರತಿಗಳು. ಡಬ್ಬಿ ಮಾರಿದವನು ಹಾಗೇ ತುಂಬಿ ಕೊಟ್ಟಿದ್ದ, ನಾವು ಹಾಗೇ ನಡೆಸಿದ್ದೆವು. ವಾರಕ್ಕೊಮ್ಮೆ ವೈರಸ್ಸು. ಟೈಪ್‌ರೈಟರ್ ಕಾಲದಲ್ಲಿ ರಿಬ್ಬನ್ನು ಮುಗಿದರೆ ಕೆಲಸ ನಿಲ್ಲುತ್ತಿತ್ತು. ಕಂಪ್ಯೂಟರು ಬಂದ ಮೇಲೆ ಕಾರಣವೇ ಇಲ್ಲದೆ ನಿಲ್ಲುವ ಅನುಕೂಲವಾಯಿತು.

ಸಾಹೇಬರು ಎಲ್ಲ ಕೇಳಿಸಿಕೊಂಡು, "ಇದು ಯಾವ ಕಂಪನೀದು?" ಎಂದರು.

"ಯಾವ ಕಂಪನೀದೂ ಅಲ್ರಿ ಸಾಹೇಬ್ರ. ಎಲ್ಲಾರ್ದೂ" ಎಂದ ಖಾಜಾ.

"ಎಲ್ಲಾರ್ದೂ ಅಂದ್ರ ಯಾರ್ದೂ ಅಲ್ಲ. ನಾಳಿಗೆ ಕೆಟ್ರ ತಪ್ಪು ಯಾರ ಮ್ಯಾಲ ಬರೀಬೇಕು?"

"ಕೆಟ್ರ ಫೋನ್ ಮಾಡ್ರಿ, ನಾವ ಬಂದು ರಿಪೇರಿ ಮಾಡ್ತೀವಿ."

"ರಿಪೇರಿ ಬ್ಯಾರೆ, ಬರಿಯೋದು ಬ್ಯಾರೆ" ಎಂದು ಸಾಹೇಬರು ನಕ್ಕರು. ಆಮೇಲೆ ಖಾನೆ ಎಳೆದು ಶಾಲು ತೆಗೆದರು. ಸಮಾಜಸೇವೆ ಮಾಡುವ ಯುವಕರು ಎಂದು ಹೊಗಳಿ ಮೂವರಿಗೂ ಹೊದಿಸಲು ನೋಡಿದರು. ಇದ್ದದ್ದು ಎರಡೇ ಶಾಲು, ಮೂರನೆಯವನಿಗೆ ಹಾರ ಹಾಕಿದರು. ಫೋಟೋ ಆಯಿತು. ಖಾಜಾ ಬಿಸಿಲಲ್ಲಿ ಶಾಲು ಹೊದ್ದುಕೊಂಡು ಬಸ್‌ಸ್ಟ್ಯಾಂಡಿಗೆ ನಡೆದ. ಯಂತ್ರಗಳು ಇದ್ದ ಹಾಗೇ ಇದ್ದವು.

ಎಳೆಯರೇ, ಇದನ್ನು ನೆನಪಿಡಿ. ನಿಮ್ಮ ಮಾತು ಬೇಡವಾದಾಗ ಸರ್ಕಾರಿ ಕಚೇರಿ ಬೈಯುವುದಿಲ್ಲ, ಶಾಲು ಹೊದಿಸುತ್ತದೆ. ಶಾಲು ಕಂಡ ಕೂಡಲೇ, ಇಲ್ಲಿ ನಿಮ್ಮ ಕೆಲಸ ಮುಗಿಯಿತು ಎಂದು ತಿಳಿದು ಎದ್ದುಬಿಡಿ. ಬಸ್‌ಸ್ಟ್ಯಾಂಡಿನವರೆಗೆ ಹಿಂದೆ ಹೋಗಿ ಇದನ್ನೇ ನಾನು ಖಾಜಾನಿಗೆ ಹೇಳಿದೆ. ಅಂದಿನಿಂದ ನಮ್ಮ ಗೆಳೆತನ.

ಕೆಲ ವರ್ಷಗಳ ಮೇಲೆ ನನಗೆ ಮಾನ್ವಿಗೆ ವರ್ಗವಾಯಿತು. ಅಲ್ಲಿ ಹುಲಿಗೆಮ್ಮ ಇದ್ದಳು.

ಹುಲಿಗೆಮ್ಮನಿಗೆ ಹುಟ್ಟಿನಿಂದ ಕಣ್ಣಿಲ್ಲ. ಕವಿತಾಳದ ಕೂಲಿಕಾರರ ಮನೆಯವಳು. ಓದಿ, ಬೆರಳಚ್ಚು ಪಾಸಾಗಿ, ಅಂಗವಿಕಲರ ಮೀಸಲಾತಿಯಲ್ಲಿ ನೌಕರಿ ಹಿಡಿದವಳು. ಇಲಾಖೆ ಅವಳಿಗೆ ಟೆಲಿಫೋನ್ ನೋಡಿಕೊಳ್ಳುವ ಕೆಲಸ ಕೊಟ್ಟಿತ್ತು. ಆ ಟೆಲಿಫೋನಿನ ತಂತಿ ಯಾವಾಗಲೋ ತುಂಡಾಗಿತ್ತು, ಎಲ್ಲರ ಜೇಬಿನಲ್ಲೂ ಮೊಬೈಲು ಬಂದಿತ್ತು. ಆದರೂ ಅವಳು ದಿನಾ ಕವಿತಾಳದಿಂದ ಬಸ್ಸು ಹತ್ತಿ ಬಂದು ಕಿಟಕಿಯ ಪಕ್ಕ ಸತ್ತ ಟೆಲಿಫೋನಿನ ಮುಂದೆ ಕೂರುತ್ತಿದ್ದಳು. ಕೆಲಸ ಕೇಳಿದರೆ ಎಲ್ಲರೂ ಪ್ರೀತಿಯಿಂದ, "ನಿನಗ್ಯಾಕವ್ವ ತ್ರಾಸು, ಕೂಡು" ಎನ್ನುತ್ತಿದ್ದರು.

ಸೇರಿದ ದಿನ ನಾನೂ ಹಾಗೇ ಅಂದೆ. ಅವಳು, "ಸರ್, ಕೂಡೋದು ನನಗ ಬರ್ತದ. ಅದನ್ನ ಕಲೀಲಿಕ್ಕೆ ಪರೀಕ್ಷೆ ಪಾಸ್ ಮಾಡಿಲ್ರಿ" ಎಂದಳು.

ಅವಳ ಎದೆಯಲ್ಲಿ ಒಂದು ಹೆದರಿಕೆಯೂ ಇತ್ತು. ಕೆಲಸವಿಲ್ಲದ ಹುದ್ದೆಗಳನ್ನು ರಾಯಚೂರಿನ ದೊಡ್ಡ ಕಚೇರಿಗೆ ಎಳೆದುಕೊಳ್ಳುವ ಮಾತು ಆಗಾಗ ಏಳುತ್ತಿತ್ತು. ಅಲ್ಲಿ ವರಾಂಡದ ಬೆಂಚಿನ ಮೇಲೆ ನಿವೃತ್ತಿಯವರೆಗೆ ಕೂರಬೇಕಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಮಾತಾಡುವ ಕಂಪ್ಯೂಟರು ಇದೆ, ಪರದೆಯ ಮೇಲಿನ ಕನ್ನಡವನ್ನು ಓದಿ ಹೇಳುತ್ತದೆ, ಅದೂ ಮುಕ್ತ ತಂತ್ರಾಂಶವೇ ಎಂದು ಖಾಜಾ ನನಗೆ ಹೇಳಿದ್ದ. ಆದರೆ ಒಳಗೆ ತರುವುದು ಹೇಗೆ? ಕಡತ ಹುಟ್ಟಿಸಿದರೆ, ಯಾರ ಮ್ಯಾಲ ಬರೀಬೇಕು ಎಂಬ ಪ್ರಶ್ನೆ ಮತ್ತೆ ಏಳುತ್ತದೆ.

ದಾರಿ ತೋರಿಸಿದ್ದು ಆಯುಧ ಪೂಜೆ. ಆ ದಿನ ಕಚೇರಿಯ ಯಂತ್ರಗಳನ್ನೆಲ್ಲ ಒರೆಸಿ, ವಿಭೂತಿ ಕುಂಕುಮ ಹಚ್ಚಿ, ಹೂ ಏರಿಸುವುದು ವಾಡಿಕೆ. ನಾನು ಖಾಜಾನಿಗೆ, "ಭಾಷಣ ಮಾಡಾಕ ಬರಬ್ಯಾಡ, ಧೂಳ ಹೊಡಿಯಾಕ ಬಾ" ಎಂದೆ. ಬಳಗದವರು ಊದುವ ಯಂತ್ರ ಹಿಡಿದು ಬಂದು ಕಂಪ್ಯೂಟರುಗಳ ಹೊಟ್ಟೆ ಬಿಚ್ಚಿ ವರ್ಷಗಟ್ಟಲೆ ಸೇರಿದ್ದ ಧೂಳು ತೆಗೆದರು. ಒಂದರೊಳಗೆ ಹಳೆಯ ಕುಂಕುಮ ಗಟ್ಟಿಯಾಗಿ ಕೂತಿತ್ತು, ಇನ್ನೊಂದರಲ್ಲಿ ಇಲಿ ಸಂಸಾರ ಹೂಡಿತ್ತು. ಯಾರೂ ಬೇಡ ಅನ್ನಲಿಲ್ಲ. ಒಳ್ಳೆಯ ಉದ್ದೇಶವನ್ನು ಅನುಮಾನಿಸುವ ಕಚೇರಿ ಕಸಬರಿಗೆಯನ್ನು ಅನುಮಾನಿಸುವುದಿಲ್ಲ.

ಪೂಜೆಯ ಹೊತ್ತಿಗೆ ಮಾನ್ವಿಯ ಸಾಹೇಬರು ಭಕ್ತಿ ಉಕ್ಕಿ ತೆಂಗಿನಕಾಯಿಯನ್ನು ತಾವೇ ಒಡೆಯುತ್ತೇನೆಂದರು. ಒಡೆಯುವುದಕ್ಕೆ ಕಲ್ಲು ತಂದಿಟ್ಟಿದ್ದೆವು. ಅವರು ಅದನ್ನು ಬಿಟ್ಟು ಹೂ ಏರಿಸಿದ ಕಂಪ್ಯೂಟರಿನ ಡಬ್ಬಿಯ ಅಂಚಿಗೇ ಕುಟ್ಟಿದರು. ಕಾಯಿ ಒಡೆಯಿತು. ನೀರು ಡಬ್ಬಿಯ ಒಳಗೆ ಹೋಯಿತು. ಚಟ್ ಅಂತು, ಹೊಗೆ ಬಂತು. ಜವಾನ ಅದನ್ನು ಊದಿನಕಡ್ಡಿಯ ಹೊಗೆ ಎಂದು ತಿಳಿದು ಕೈಮುಗಿದ.

ಸಾಹೇಬರ ಮುಖ ಬಿಳುಪೇರಿತು. ಯಂತ್ರ ಕೆಟ್ಟಿದೆ ಎಂದು ಮೇಲಕ್ಕೆ ಬರೆದರೆ ಹೇಗೆ ಕೆಟ್ಟಿತು ಎಂದು ಬರೆಯಬೇಕು. ಹೇಗೆ ಎಂದು ಬರೆದರೆ ಯಾರು ಎಂದು ಬರೆಯಬೇಕು. ನನ್ನನ್ನು ಕೋಣೆಗೆ ಕರೆದು, "ಮಾಳಪ್ಪ, ಕಡತ ಇಲ್ಲದಂಗ ಇದನ್ನ ಸುರು ಮಾಡಬಹುದೇನು?" ಎಂದು ತಗ್ಗಿದ ದನಿಯಲ್ಲಿ ಕೇಳಿದರು.

"ಆಗ್ತದ್ರಿ ಸಾಹೇಬ್ರ. ಆದ್ರ ಒಳಗಿನ ಸಾಮಾನು ಬ್ಯಾರೆ ಆಗ್ತದ. ಅದಕ್ಕ ಬಿಲ್ಲೂ ಇಲ್ಲ, ಕಡತಾನೂ ಬ್ಯಾಡ."

"ಅಂಥಾದ್ದು ಅದ ಅಂತ ಇಷ್ಟು ದಿನ ಯಾಕ ಹೇಳಲಿಲ್ಲ?" ಎಂದರು.

ಹೀಗೆ ಮುಕ್ತ ತಂತ್ರಾಂಶ ಸರ್ಕಾರದ ಹೊಸ್ತಿಲು ದಾಟಿತು. ಬಳಗದ ಮಾಸ್ತರರು ಇವತ್ತಿಗೂ ಸ್ವಾತಂತ್ರ್ಯ, ಸ್ವಾವಲಂಬನೆ ಎಂದು ವೇದಿಕೆಯಲ್ಲಿ ಹೇಳುತ್ತಾರೆ. ಎರಡೂ ದೊಡ್ಡವೇ. ಆದರೆ ಮಾನ್ವಿಯಲ್ಲಿ ಬಾಗಿಲು ತೆಗೆದದ್ದು ಒಂದು ತೆಂಗಿನಕಾಯಿ.

ಖಾಜಾ ಡಬ್ಬಿಯನ್ನು ಒಯ್ದು ಒಣಗಿಸಿ, ಸುಟ್ಟ ಭಾಗಕ್ಕೆ ಅಂಗಡಿಯಲ್ಲಿದ್ದ ಹಳೆಯ ಭಾಗ ಹಾಕಿ, ಹೊಸ ಏರ್ಪಾಡು ತುಂಬಿ ತಂದ. ಪರದೆಯ ಮೇಲಿನ ಚಿತ್ರಗಳು ಬೇರೆಯಾಗಿದ್ದವು. ಅದಕ್ಕೇ ಯಾವ ಗುಮಾಸ್ತನೂ ಮುಟ್ಟಲಿಲ್ಲ. ಯಾರಿಗೂ ಬೇಡವಾದ ಯಂತ್ರ ಯಾರಿಗೂ ಬೇಡವಾದ ಮೂಲೆಗೆ ಹೋಯಿತು. ಸತ್ತ ಟೆಲಿಫೋನು ಎತ್ತಿ ಕಪಾಟಿನ ಮೇಲಿಟ್ಟೆವು. ಚಿತ್ರಗಳು ಬದಲಾದದ್ದು ಹುಲಿಗೆಮ್ಮನಿಗೆ ಎಲ್ಲಿ ಗೊತ್ತಾಗಬೇಕು? ಬಳಗದವರು ಸರತಿಯ ಮೇಲೆ ಬಂದು ಕಲಿಸಿದರು, ಅವಳು ಬೇಗ ಹಿಡಿದಳು. ಮೇಲಿನ ಕಚೇರಿಯ ಪತ್ರಗಳೆಲ್ಲ ಆಗಲೇ ಇಮೇಲಿನಲ್ಲಿ ಬರುತ್ತಿದ್ದವು. ಯಂತ್ರ ಓದುತ್ತಿತ್ತು, ಅವಳು ಕೇಳಿ ಉತ್ತರ ಟೈಪಿಸುತ್ತಿದ್ದಳು. ಮೊದಲ ಪತ್ರ ಮುಗಿಸಿ ಮುದ್ರಿಸಿದ ದಿನ ಆ ಹಾಳೆಯನ್ನು ಬೆರಳಿನಿಂದ ಸವರಿ, "ಬಿಸಿ ಅದ ಸರ್" ಎಂದಳು. ನಾನು ಕನ್ನಡಕ ಒರೆಸುವ ನೆವದಲ್ಲಿ ಆಚೆ ತಿರುಗಿದೆ.

ಒಂದು ತೊಡಕಾಯಿತು. ಹುಲಿಗೆಮ್ಮ ಕಿವಿಗೆ ಹಾಕಿಕೊಂಡು ಕೇಳುತ್ತಿದ್ದ ಹೆಡ್‌ಫೋನನ್ನು ಯಾರೋ ಹಾಡು ಕೇಳಲು ಒಯ್ದರು, ವಾಪಸು ಬರಲಿಲ್ಲ. ಖಾಜಾ ಒಂದು ಸ್ಪೀಕರ್ ಇಟ್ಟು ಹೋದ. ಆಗ ಯಂತ್ರದ ಓದು ಕೋಣೆಗೆಲ್ಲ ಕೇಳತೊಡಗಿತು. ಸರ್ಕಾರಿ ಪತ್ರವನ್ನು ಗಟ್ಟಿಯಾಗಿ ಓದುವುದಕ್ಕೆ ಯಾರೂ ಬರೆದಿರುವುದಿಲ್ಲ, ಆ ಕಚೇರಿಗೆ ಅದು ಅಂದು ಗೊತ್ತಾಯಿತು. ಕಲ್ಲೂರಿನಿಂದ ಬಂದಿದ್ದ ತಿಮ್ಮಪ್ಪ ಎಂಬ ಮುದುಕ ಬಾಗಿಲಲ್ಲಿ ನಿಂತಿದ್ದ. ಅವನ ಅರ್ಜಿಯ ಬಗ್ಗೆ ನಮ್ಮ ಗುಮಾಸ್ತರು ಬರೆದದ್ದನ್ನೇ ಯಂತ್ರ, "ಅರ್ಜಿದಾರರಿಗೆ ಖುದ್ದಾಗಿ ತಿಳುವಳಿಕೆ ನೀಡಲಾಗಿದೆ" ಎಂದು ಓದಿತು.

"ಯವ್ವಾ, ನನಗ ಯಾರು ಹೇಳಿದ್ರು?" ಎಂದ ತಿಮ್ಮಪ್ಪ.

"ಈಗ ಯಂತ್ರ ಹೇಳ್ತಲ್ಲ ಯಪ್ಪಾ" ಎಂದಳು ಹುಲಿಗೆಮ್ಮ.

ಸುದ್ದಿ ಹಬ್ಬಿತು. ತಮ್ಮ ಬಗ್ಗೆ ಏನು ಬರೆದಿದ್ದಾರೆ ಎಂದು ಕೇಳಲು ಜನ ಕಿಟಕಿಗೆ ಬಂದು ನಿಲ್ಲತೊಡಗಿದರು. ಕೆಲವು ಗುಮಾಸ್ತರು ಬರೆಯುವ ಮುಂಚೆ ಯೋಚಿಸತೊಡಗಿದರು. ಆ ಕಷ್ಟವನ್ನು ಅವರು ಇನ್ನೂ ಮರೆತಿಲ್ಲ.

ತೆಂಗಿನಕಾಯಿ ಸಾಹೇಬರು ವರ್ಗವಾಗಿ ಹೋದರು. ಮೈಸೂರು ಕಡೆಯ ಹೊಸ ಸಾಹೇಬರು ಬಂದರು. ಕೆಟ್ಟವರಲ್ಲ, ಆದೇಶದಲ್ಲಿ ಇಲ್ಲದ್ದು ಜಗತ್ತಿನಲ್ಲೇ ಇಲ್ಲ ಎನ್ನುವವರು. ತಪಾಸಣೆಗೆ ಸುತ್ತುತ್ತಾ ಹುಲಿಗೆಮ್ಮನ ಯಂತ್ರದ ಮುಂದೆ ನಿಂತರು. "ಇದರೊಳಗಿರೋ ತಂತ್ರಾಂಶ ಕೊಂಡದ್ದಾ? ಬಿಲ್ ಎಲ್ಲಿ?"

"ಕೊಂಡಿದ್ದಲ್ರಿ, ಪುಕ್ಕಟೆ ಬಂದದ್ದು" ಎಂದೆ.

"ಹಾಗಾದ್ರೆ ದಾನ. ದಾನಿ ಹೆಸರು ಎಲ್ಲಿ ಬರೆಸಿದ್ದೀರಿ?"

ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ನಮ್ಮಲ್ಲಿ ಒಂದು ಫ್ಯಾನು ಕೊಟ್ಟವನ ಹೆಸರು ಅದರ ಮೂರೂ ರೆಕ್ಕೆಯ ಮೇಲೆ ಇರುತ್ತದೆ. ತಿರುಗುವಾಗ ಕಾಣಿಸದು ಎಂದು ಕೆಲ ದಾನಿಗಳು ಫ್ಯಾನು ಹಾಕಲಿಕ್ಕೇ ಬಿಡುವುದಿಲ್ಲ. ಬೆಂಚು, ಗಡಿಯಾರ, ನೀರಿನ ಟ್ಯಾಂಕು, ಎಲ್ಲದಕ್ಕೂ ಹೆಸರಿದೆ. ಇದಕ್ಕೆ ಮಾತ್ರ ಇಲ್ಲ.

ಖಾಜಾ ಬಂದು ವಿವರಿಸಿದ, "ಕೊಟ್ಟವ್ರ ಹೆಸ್ರು ಒಳಗ ಅದ್ರಿ ಸಾಬ್. ಸಾವಿರಾರು ಮಂದಿ. ಬೇಕಂದ್ರ ತೋರಸ್ತೀನಿ."

"ಅಷ್ಟು ಹೆಸರು ಬರೆಸೋಕೆ ಗೋಡೆ ಎಲ್ಲಿದೆ? ಒಬ್ಬರದು ಹೇಳಿ. ಇಲ್ಲ ಅಂದ್ರೆ ವಾರಸುದಾರರಿಲ್ಲದ ವಸ್ತು ಅಂತ ತೆಗೆಸಬೇಕಾಗುತ್ತೆ."

ತೆಗೆದರೆ ಹುಲಿಗೆಮ್ಮ ಮತ್ತೆ ಸತ್ತ ಟೆಲಿಫೋನಿಗೆ, ಅಲ್ಲಿಂದ ರಾಯಚೂರಿನ ವರಾಂಡಕ್ಕೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅನ್ನುತ್ತಾರಲ್ಲ, ಇಲ್ಲಿ ಪೂಜಾರಿ ದೇವರ ವಿಳಾಸ ಕೇಳುತ್ತಿದ್ದ.

ನಾನು ಗುಂಡಪ್ಪ ಸಾವ್ಕಾರರ ಬಳಿ ಹೋದೆ. ಅಕ್ಕಿ ಗಿರಣಿಯವರು, ಮುಂದಿನ ಚುನಾವಣೆಗೆ ನಿಲ್ಲುವ ಆಸೆಯವರು. ನಮ್ಮ ಕಚೇರಿಯ ಫ್ಯಾನುಗಳೆಲ್ಲ ಅವರವೇ. "ಸಾವ್ಕಾರ್ರ, ನೀವು ಏನೂ ಕೊಡೋದು ಬ್ಯಾಡ. ಕೊಟ್ಟೀನಿ ಅಂತ ಒಪ್ಕೊಂಡ್ರ ಸಾಕು" ಎಂದೆ. ಅವರ ಜೀವನದಲ್ಲಿ ಇಷ್ಟು ಸುಲಭದ ದಾನ ಯಾರೂ ಕೇಳಿರಲಿಲ್ಲ. "ಒಂದರಾಗ ಯಾಕ ಮಾಳಪ್ಪ? ಇದ್ದಷ್ಟರಾಗೂ ಹಾಕಸು. ಪರದೆ ತುಂಬ ನನ್ನ ಫೋಟೋ ಬರ್ಲಿ, ಕೆಳಗ ಹೆಸ್ರು" ಎಂದರು. ಅತ್ತೆಯ ಸೊತ್ತು ಅಳಿಯ ದಾನ ಮಾಡಿದ ಎನ್ನುವುದು ಹೀಗೆಯೇ ಇರಬೇಕು.

ಭಾನುವಾರ ಅಂಗಡಿಯಲ್ಲಿ ದೊಡ್ಡ ಜಗಳವಾಯಿತು. ಖಾಜಾ ಕೆಂಪಾದ. "ಯಾರೋ ಬರ್ದದ್ದಕ್ಕ ಈ ಗಿರಣಿಯವನ ಹೆಸ್ರಾ? ನನ್ನ ಕೈಲಿ ಆಗಂಗಿಲ್ಲ ಸರ್" ಎಂದ. ಮಾಸ್ತರರು ತತ್ವ ತೆಗೆದರು, ಮೇಡಂ ಲೈಸೆನ್ಸು ತೆಗೆದರು. ಎಲ್ಲರ ಮಾತೂ ನ್ಯಾಯವಾಗಿಯೇ ಇತ್ತು. ಹುಲಿಗೆಮ್ಮನನ್ನೂ ಕರೆದಿದ್ದೆವು. ಅವಳು ಚಹಾ ಮುಗಿಸಿ ಲೋಟ ಕೆಳಗಿಟ್ಟಳು.

"ಖಾಜಾ ಅಣ್ಣ, ಗ್ವಾಡಿ ಮ್ಯಾಲ, ಫ್ಯಾನಿನ ಮ್ಯಾಲ ಯಾರ ಹೆಸ್ರು ಅದ ಅಂತ ನಾ ಒಮ್ಮೆನೂ ಓದಿಲ್ಲ. ಗಾಳಿ ಮಾತ್ರ ತಗೊಂಡೀನಿ. ನೀವು ಯಾರ್ದರ ಬರ್ರಿ, ಒಳಗಿನ ಹೆಸ್ರು ಒಂದೂ ಅಳಸಬ್ಯಾಡ್ರಿ. ನನಗ ಕೆಲಸ ಬೇಕು."

ಖಾಜಾ ಗೋಡೆಯ ಕ್ಯಾಲೆಂಡರು ನೋಡಿ ಮಾನ್ವಿಗೆ ಹೋಗುವ ದಿನ ಗೊತ್ತು ಮಾಡಿದ. ಮರುವಾರ ಬಳಗದವರೆಲ್ಲ ಮಾನ್ವಿಗೆ ಬಂದು ಕಚೇರಿಯ ಅಷ್ಟೂ ಕಂಪ್ಯೂಟರುಗಳಿಗೆ ಮುಕ್ತ ತಂತ್ರಾಂಶ ಹಾಕಿದರು. ಪ್ರತಿ ಪರದೆಯ ಮೇಲೂ ಗುಂಡಪ್ಪ ಸಾವ್ಕಾರರು ಕೈಮುಗಿದು ನಿಂತರು. ವರ್ಷಗಟ್ಟಲೆ ಭಾಷಣದಿಂದ ಆಗದ್ದು ಒಬ್ಬನ ಫೋಟೋದ ಹುಚ್ಚಿನಿಂದ ಆಯಿತು. ಗುಮಾಸ್ತರು ಒಂದು ತಿಂಗಳು ಗೊಣಗಿದರು, ಆಮೇಲೆ ವೈರಸ್ಸು ಬರುವುದಿಲ್ಲವಲ್ಲ, ಕೆಲಸ ತಪ್ಪಿಸಿಕೊಳ್ಳುವುದು ಹೇಗೆ ಎಂದು ಗೊಣಗಿದರು.

ಚುನಾವಣೆ ಬಂತು. ನೀತಿಸಂಹಿತೆ ಜಾರಿಯಾದರೆ ಸರ್ಕಾರಿ ಜಾಗದಲ್ಲಿರುವ ರಾಜಕಾರಣಿಗಳ ಹೆಸರು, ಫೋಟೋ ಎಲ್ಲ ಮುಚ್ಚಬೇಕು. ಸಾವ್ಕಾರರು ನಾಮಪತ್ರ ಹಾಕಿದ್ದರು. ಜವಾನ ಹಳೆಯ ಪೇಪರು, ಗಂಜಿ ಹಿಡಿದು ಹೊರಟ. ಬೆಂಚು ಮುಚ್ಚಿದ, ಗಡಿಯಾರ ಮುಚ್ಚಿದ, ಏಣಿ ಹತ್ತಿ ಫ್ಯಾನಿನ ರೆಕ್ಕೆಗಳಿಗೆ ಪೇಪರು ಸುತ್ತಿದ. ಕೊನೆಗೆ ಕಂಪ್ಯೂಟರುಗಳ ಮುಂದೆ ನಿಂತು ಸಾಹೇಬರ ಮುಖ ನೋಡಿದ.

ನಾನು ಖಾಜಾನಿಗೆ ಫೋನು ಹಚ್ಚಿದೆ. "ಫೋಟೋ ಬದ್ಲಿ ಮಾಡೋದು ಒಂದ ನಿಮಿಷದ ಕೆಲಸ ಸರ್, ನೀವ ಮಾಡಬಹುದು" ಎಂದ.

ಸಾಹೇಬರು ಒಪ್ಪಲಿಲ್ಲ. "ಆದೇಶದಲ್ಲಿ ಮುಚ್ಚತಕ್ಕದ್ದು ಅಂತ ಇದೆ ಕಣ್ರೀ. ಬದಲಿಸತಕ್ಕದ್ದು ಅಂತ ಇಲ್ಲ. ತೆಗೆದ್ರೆ ದಾನಿ ಕೇಳ್ತಾನೆ, ಮುಚ್ಚದಿದ್ರೆ ಚುನಾವಣೆಯವರು ಕೇಳ್ತಾರೆ. ಮುಚ್ಚಿ."

ಜವಾನ ಪರದೆಗಳಿಗೆಲ್ಲ ಗಂಜಿ ಬಳಿದು ಪೇಪರು ಅಂಟಿಸಿದ. ಗುಮಾಸ್ತರು ಸಂತೋಷವಾಗಿ ಕೈಕಟ್ಟಿ ಕೂತರು. ಕೆಲಸ ಮಾಡದಿರಲು ಆದೇಶದ ಬಲ ಸಿಕ್ಕಿದ್ದು ಅದೇ ಮೊದಲು.

ಮಧ್ಯಾಹ್ನದ ಹೊತ್ತಿಗೆ ಮೇಲಿನ ಕಚೇರಿಯಿಂದ ಸಾಹೇಬರಿಗೆ ಫೋನು ಬಂತು. ಚುನಾವಣೆಯದೇ ಜರೂರು ಪತ್ರ ಕಳಿಸಿದ್ದಾರೆ, ಸಂಜೆಯೊಳಗೆ ಉತ್ತರ ಬೇಕು. ಸಾಹೇಬರು ಹೊರಬಂದು ಸಾಲಾಗಿ ಪೇಪರು ಹೊದ್ದ ಪರದೆಗಳನ್ನು ನೋಡಿದರು. ಪೇಪರು ಕೀಳುವಂತಿಲ್ಲ, ಕಿತ್ತರೆ ಫೋಟೋ. ಅವರ ಹಣೆ ಬೆವರಿತು. ಫ್ಯಾನು ಹಾಕೋಣವೆಂದರೆ ರೆಕ್ಕೆಯ ಪೇಪರು ಹಾರುತ್ತದೆ.

ಆಗ ಕಿಟಕಿಯ ಮೂಲೆಯಿಂದ ಯಂತ್ರದ ದನಿ ಕೇಳಿತು. "ವಿಷಯ, ಚುನಾವಣಾ ಕರ್ತವ್ಯಕ್ಕೆ ಸಿಬ್ಬಂದಿ ನಿಯೋಜನೆ ಕುರಿತು." ಹುಲಿಗೆಮ್ಮ ಪೇಪರು ಅಂಟಿಸಿದ ಪರದೆಯ ಮುಂದೆ ಕೂತು ಆ ಜರೂರು ಪತ್ರವನ್ನೇ ಕೇಳಿಸಿಕೊಳ್ಳುತ್ತಿದ್ದಳು. ಅವಳ ಬಸ್ಸು ತಡವಾಗಿ ಬರುವಷ್ಟರಲ್ಲಿ ಅಂಟಿಸಿ ಮುಗಿದಿತ್ತು, ಪರದೆ ಮುಚ್ಚಿದ್ದು ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳುವಂಥ ಸುದ್ದಿಯೂ ಅಲ್ಲವಲ್ಲ.

ಸಾಹೇಬರು ತಾವೇ ಒಂದು ಕುರ್ಚಿ ಎಳೆದುಕೊಂಡು ಹೋಗಿ ಅವಳ ಪಕ್ಕ ಕೂತರು.

"ಹೇಳ್ರಿ ಸರ್, ಏನಂತ ಬರೀಲಿ?" ಎಂದಳು.

ಅವರು ಹೇಳಿದರು, ಅವಳು ಬರೆದಳು, ಯಂತ್ರ ತಿರುಗಿ ಓದಿತು. ಸಾಹೇಬರ ವಾಕ್ಯ ಮುಗಿಯಲೇ ಇಲ್ಲ. "ಸರ್, ಯಂತ್ರಕ್ಕ ಉಸಿರು ಬ್ಯಾಡ, ಓದ್ತದ. ಕೇಳವ್ರಿಗೆ ಬೇಕಲ್ರಿ" ಎಂದಳು ಹುಲಿಗೆಮ್ಮ. ಕಿಟಕಿಯಲ್ಲಿ ನಿಂತಿದ್ದ ಜನ ನಕ್ಕರು. ಸಾಹೇಬರೂ ನಕ್ಕು ವಾಕ್ಯ ತುಂಡು ಮಾಡಿದರು. ಪತ್ರ ಹೊತ್ತಿಗೆ ಸರಿಯಾಗಿ ಹೋಯಿತು.

ನೀತಿಸಂಹಿತೆ ಮುಗಿಯುವವರೆಗೂ ಆ ಕಚೇರಿ ನಡೆದದ್ದು ಅದೊಂದು ಟೇಬಲ್ಲಿನಿಂದ. "ಕೂಡವ್ವ" ಎನ್ನುತ್ತಿದ್ದ ಗುಮಾಸ್ತರು ಅವಳ ಮುಂದೆ ಸರತಿ ನಿಂತರು. ಸಾವ್ಕಾರರು ಸೋತರು. ಗೆದ್ದವರು ತಮ್ಮ ಹೆಸರು ಬರಲಿ ಎಂದರು. ಕಂಪ್ಯೂಟರುಗಳಲ್ಲಿ ಖಾಜಾ ಕೂತ ಜಾಗದಲ್ಲೇ ಬದಲಿಸಿದ, ಫ್ಯಾನುಗಳಿಗೆ ಪೇಂಟರು ಬರಬೇಕಾಯಿತು. ಪತ್ರ ವ್ಯವಹಾರದ ಕೆಲಸ ಹುಲಿಗೆಮ್ಮನಿಗೇ ಎಂದು ಸಾಹೇಬರು ಆದೇಶ ಮಾಡಿದರು. ಆದೇಶದಲ್ಲಿ ಇದ್ದ ಮೇಲೆ ಅದು ಅವರ ಪಾಲಿಗೆ ಜಗತ್ತಿನಲ್ಲೂ ಇತ್ತು. ರಾಯಚೂರಿನ ವರಾಂಡದ ಮಾತು ಮತ್ತೆ ಏಳಲಿಲ್ಲ.

ಆಮೇಲೆ ನನ್ನ ನಿವೃತ್ತಿ. ಹಾರ, ಹಣ್ಣಿನ ಬುಟ್ಟಿ, ಭಾಷಣ, ಎಲ್ಲ ಪದ್ಧತಿ ಪ್ರಕಾರ ನಡೆಯಿತು. ಹೊರಡುವಾಗ ಹುಲಿಗೆಮ್ಮನ ಟೇಬಲ್ಲಿಗೆ ಹೋದೆ. ಯಂತ್ರ ಯಾರದೋ ಅರ್ಜಿಯ ಪತ್ರ ಓದುತ್ತಿತ್ತು. ಅವಳು ಕೈ ಚಾಚಿ ನನ್ನ ಹೆಗಲ ಮೇಲಿದ್ದುದನ್ನು ಮುಟ್ಟಿ ನೋಡಿದಳು. ದೇವದುರ್ಗದ ಕಥೆ ಅವಳಿಗೆ ಖಾಜಾ ಹೇಳಿದ್ದ.

"ನಿಮಗೂ ಶಾಲು ಹೊದಿಸಿದ್ರಲ್ಲ ಸರ್" ಎಂದಳು.

"ಹೊದಿಸಿದ್ರವ್ವ. ಮುಗೀತು ನಂದು."

"ನನಗ ಯಾರೂ ಹೊದಿಸಬಾರ್ದು, ಹೇಳಿ ಹೋಗ್ರಿ" ಎಂದು ಅವಳು ಮತ್ತೆ ಪತ್ರದ ಕಡೆ ಕಿವಿ ಕೊಟ್ಟಳು.